ಬಿಸಿಲ ನಾಡಿನ ಮನೆಗೆ ಎಲ್‌ಇಡಿ ದೀಪ: ಆಯ್ಕೆಯಿಂದ ಅಳವಡಿಕೆಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

ರಾಯಚೂರು, ಬಳ್ಳಾರಿ, ಕೊಪ್ಪಳದ ಕಡೆ ಎಲ್‌ಇಡಿ ಬಲ್ಬಿನ ಬಗ್ಗೆ ಹೆಚ್ಚಾಗಿ ಕೇಳಿಬರುವ ದೂರು ಒಂದೇ. ಡಬ್ಬಿಯ ಮೇಲೆ 25,000 ಗಂಟೆ ಬಾಳುತ್ತದೆ ಎಂದು ಅಚ್ಚಾಗಿರುತ್ತದೆ, ಬಲ್ಬು ಮಾತ್ರ ಎರಡನೆಯ ಬೇಸಿಗೆಯನ್ನೂ ದಾಟುವುದಿಲ್ಲ. ಈ ದೂರು ಸುಳ್ಳಲ್ಲ; ಆದರೆ ಅದರ ಕಾರಣವನ್ನು ಹೆಚ್ಚಿನವರು ತಪ್ಪು ಕಡೆ ಹುಡುಕುತ್ತಾರೆ. ಬೆಳಕು ಕೊಡುವ ಡಯೋಡು ಅಷ್ಟು ಬೇಗ ಕೆಡುವ ವಸ್ತುವಲ್ಲ. ಕೆಡುವುದು ಅದರ ಹಿಂದೆ, ಬಲ್ಬಿನ ಕುತ್ತಿಗೆಯಲ್ಲಿ ಕುಳಿತು ಮನೆಯ 230 ವೋಲ್ಟ್ ಕರೆಂಟನ್ನು ಡಯೋಡಿಗೆ ತಕ್ಕಂತೆ ಪರಿವರ್ತಿಸುವ ಡ್ರೈವರ್ ಎಂಬ ಪುಟ್ಟ ಸರ್ಕ್ಯೂಟು. ಅದಕ್ಕೆ ಇಬ್ಬರು ಶತ್ರುಗಳು: ಒಂದು ಶಾಖ, ಇನ್ನೊಂದು ಏರಿಳಿಯುವ ವೋಲ್ಟೇಜು. ನಮ್ಮ ಮೂರೂ ಜಿಲ್ಲೆಗಳಲ್ಲಿ ಎರಡಕ್ಕೂ ಕೊರತೆಯಿಲ್ಲ. ಆದ್ದರಿಂದ ತಂಪು ಊರಿನವರು ವ್ಯಾಟ್ ಮತ್ತು ಬೆಲೆಯನ್ನಷ್ಟೇ ನೋಡಿ ಕೊಂಡರೂ ನಡೆದೀತು. ನಾವು ಶಾಖವನ್ನೂ ವೋಲ್ಟೇಜನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಆರಿಸಬೇಕು. ಈ ಮಾರ್ಗದರ್ಶಿ ಬರೆದಿರುವುದು ಆ ದೃಷ್ಟಿಯಿಂದ.

ಮೊದಲ ಹೆಜ್ಜೆ: ಮನೆಯಲ್ಲಿರುವ ದೀಪಗಳ ಪಟ್ಟಿ

ಅಂಗಡಿಗೆ ಹೋಗುವ ಮುನ್ನ ಒಂದು ಹಾಳೆ ಹಿಡಿದು ಮನೆಯನ್ನೊಮ್ಮೆ ಸುತ್ತಿ ಬನ್ನಿ. ಪಡಸಾಲೆ, ಅಡುಗೆಮನೆ, ದೇವರ ಜಗಲಿ, ಬಚ್ಚಲು, ಅಂಗಳ, ದನದ ಕೊಟ್ಟಿಗೆ ಎಂದು ಒಂದೊಂದು ಜಾಗಕ್ಕೂ ನಾಲ್ಕು ಸಂಗತಿಗಳನ್ನು ಬರೆದುಕೊಳ್ಳಿ: ಈಗ ಅಲ್ಲಿರುವ ದೀಪ ಯಾವುದು, ಅದರ ವ್ಯಾಟ್ ಎಷ್ಟು, ದಿನಕ್ಕೆ ಎಷ್ಟು ಗಂಟೆ ಉರಿಯುತ್ತದೆ, ಹೋಲ್ಡರ್ ಯಾವ ಬಗೆಯದು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿರುವುದು ಬಲ್ಬನ್ನು ಒತ್ತಿ ತಿರುಗಿಸಿ ಕೂರಿಸುವ, ಎರಡು ಪಿನ್ನಿನ ಬಿ22 ಹೋಲ್ಡರ್. ಅಲಂಕಾರದ ದೀಪಗಳಲ್ಲಿ ತಿರುಪಿನ ಇ27, ಅಥವಾ ಅದಕ್ಕಿಂತ ಸಣ್ಣದಾದ ಇ14 ಇರಬಹುದು. ದೀಪ ತೆರೆದ ಹೋಲ್ಡರಿನಲ್ಲಿದೆಯೇ ಅಥವಾ ಮುಚ್ಚಿದ ಗಾಜಿನ ಗೋಳದೊಳಗಿದೆಯೇ ಎಂಬುದನ್ನೂ ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ಅದರ ಅಗತ್ಯ ಮುಂದೆ ಬರುತ್ತದೆ.

ಎರಡನೆಯ ಹೆಜ್ಜೆ: ಯಾವುದನ್ನು ಮೊದಲು ಬದಲಿಸಬೇಕು

ಎಲ್ಲ ದೀಪಗಳನ್ನೂ ಒಂದೇ ದಿನ ಬದಲಿಸಬೇಕಾಗಿಲ್ಲ. ವ್ಯಾಟನ್ನು ದಿನದ ಗಂಟೆಗಳಿಂದ ಗುಣಿಸಿ, ಅದನ್ನು 30ರಿಂದ ಗುಣಿಸಿ, 1000ದಿಂದ ಭಾಗಿಸಿದರೆ ತಿಂಗಳ ಯೂನಿಟ್ ಸಿಗುತ್ತದೆ. 60 ವ್ಯಾಟಿನ ಗುಂಡು ಬಲ್ಬು, ಅಂದರೆ ಒಳಗಿನ ತಂತಿ ಕಾದು ಬೆಳಗುವ ಹಳೆಯ ಬಲ್ಬು, ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. ಅದೇ ಜಾಗದಲ್ಲಿ 9 ವ್ಯಾಟಿನ ಎಲ್‌ಇಡಿ ಉರಿದರೆ 1.35 ಯೂನಿಟ್. ಯೂನಿಟ್‌ಗೆ ಸುಮಾರು 6 ರೂಪಾಯಿ ಎಂದು ಹಿಡಿದರೂ ತಿಂಗಳಿಗೆ 45 ರೂಪಾಯಿಯಷ್ಟು ಉಳಿಯುತ್ತದೆ, ಅಂದರೆ ನೂರು ರೂಪಾಯಿಯ ಬಲ್ಬು ಎರಡು ಮೂರು ತಿಂಗಳಲ್ಲಿ ತನ್ನ ಬೆಲೆಯನ್ನು ತಾನೇ ತೀರಿಸುತ್ತದೆ. ಹಳೆಯ ದಪ್ಪ ಟ್ಯೂಬ್‌ಲೈಟಿನ ಮೇಲೆ 40 ವ್ಯಾಟ್ ಎಂದಿದ್ದರೂ ಅದರ ತಾಮ್ರದ ಚೋಕು ಹತ್ತರಿಂದ ಹದಿನೈದು ವ್ಯಾಟನ್ನು ಬಿಸಿಯಾಗಿ ಹೊರಹಾಕುವುದರಿಂದ ನಿಜವಾದ ಬಳಕೆ ಐವತ್ತು ದಾಟುತ್ತದೆ. ಅಲ್ಲಿ 20 ವ್ಯಾಟಿನ ಎಲ್‌ಇಡಿ ಪಟ್ಟಿ (ಟ್ಯೂಬ್‌ಲೈಟಿನಂಥ ಉದ್ದನೆಯ ದೀಪ) ಸಾಕಾಗುತ್ತದೆ.

ಹಾಳೆಯ ಪಟ್ಟಿಯಲ್ಲಿ ಹೆಚ್ಚಿನವರು ಬರೆಯುವುದನ್ನೇ ಮರೆಯುವ ದೀಪವೆಂದರೆ ರಾತ್ರಿಯಿಡೀ ಮಿಣುಕುವ ಝೀರೋ ಬಲ್ಬು. ಹೆಸರು ಝೀರೋ ಆದರೂ ಹಳೆಯ ತಂತಿಯ ಝೀರೋ ಬಲ್ಬು ಹನ್ನೆರಡರಿಂದ ಹದಿನೈದು ವ್ಯಾಟ್ ಎಳೆಯುತ್ತದೆ. ರಾತ್ರಿ ಒಂಬತ್ತು ಗಂಟೆ ಕಾಲ ಉರಿದರೆ ತಿಂಗಳಿಗೆ ನಾಲ್ಕು ಯೂನಿಟ್, ಅಂದರೆ ಪಡಸಾಲೆಯ ಎಲ್‌ಇಡಿ ದೀಪಕ್ಕಿಂತ ಮೂರು ಪಟ್ಟು ಹೆಚ್ಚು. ದೇವರ ಮುಂದೆ ಹಗಲೂ ರಾತ್ರಿ ಉರಿಸುವ ಮನೆಗಳಲ್ಲಿ ಇದು ಹತ್ತು ಯೂನಿಟ್‌ವರೆಗೂ ಹೋಗುತ್ತದೆ. ಅರ್ಧ ವ್ಯಾಟಿನ ಎಲ್‌ಇಡಿ ರಾತ್ರಿದೀಪಕ್ಕೆ ಇಪ್ಪತ್ತು ಮೂವತ್ತು ರೂಪಾಯಿ ಸಾಕು. ಮೊದಲು ಬದಲಿಸಬೇಕಾದದ್ದು ಅದನ್ನೇ.

ಅದಾದ ಮೇಲೆ ಗುಂಡು ಬಲ್ಬುಗಳು, ಆಮೇಲೆ ಚೋಕಿನ ಟ್ಯೂಬ್‌ಲೈಟುಗಳು. ಸಿಎಫ್‌ಎಲ್ ಇನ್ನೂ ಚೆನ್ನಾಗಿ ಉರಿಯುತ್ತಿದ್ದರೆ ಅವಸರ ಬೇಡ ಎಂಬುದು ನನ್ನ ಅಭಿಪ್ರಾಯ. 14 ವ್ಯಾಟಿನ ಸಿಎಫ್‌ಎಲ್ ತೆಗೆದು 9 ವ್ಯಾಟಿನ ಎಲ್‌ಇಡಿ ಹಾಕಿದರೆ ತಿಂಗಳಿಗೆ ಉಳಿಯುವುದು ಒಂದು ಯೂನಿಟಿಗಿಂತ ಕಡಿಮೆ. ಅದು ತಾನಾಗಿ ಕೆಟ್ಟ ದಿನ ಬದಲಿಸಿದರೆ ಸಾಕು. ವರ್ಷಕ್ಕೆ ನಾಲ್ಕು ಸಲ ಹಚ್ಚುವ ಅಟ್ಟದ ದೀಪಕ್ಕೂ ಇದೇ ಮಾತು.

2023ರ ಜುಲೈನಿಂದ ಗೃಹಜ್ಯೋತಿ ಯೋಜನೆ ಬಂದ ಮೇಲೆ, ಬಿಲ್ಲೇ ಸೊನ್ನೆ ಬರುವಾಗ ಉಳಿತಾಯದ ಗೊಡವೆ ಏಕೆ ಎಂದು ಕೇಳುವವರಿದ್ದಾರೆ. ಆದರೆ ಆ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತವಿಲ್ಲ. ಪ್ರತಿ ಮನೆಯ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಮಿತಿ ನಿಗದಿಯಾಗಿದೆ. ಆ ಮಿತಿ ದಾಟಿದರೆ ಹೆಚ್ಚುವರಿ ಯೂನಿಟ್‌ಗಳಿಗೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಫ್ಯಾನು, ಕೂಲರುಗಳು ಹಗಲಿರುಳು ತಿರುಗಿ ಮಿತಿಯ ಅಂಚಿಗೆ ಬಂದು ನಿಲ್ಲುವ ಮನೆಗಳಲ್ಲಿ, ದೀಪಗಳಿಂದ ಉಳಿದ ಇಪ್ಪತ್ತು ಮೂವತ್ತು ಯೂನಿಟ್ ನಿರ್ಣಾಯಕವಾಗುತ್ತದೆ. ಗುಂಡು ಬಲ್ಬು ತಾನು ನುಂಗುವ ವಿದ್ಯುತ್ತಿನ ಬಹುಪಾಲನ್ನು ಶಾಖವಾಗಿಯೇ ಉಗುಳುವುದರಿಂದ, ಅದನ್ನು ತೆಗೆದರೆ ಬೇಸಿಗೆಯ ಸಂಜೆ ಕೋಣೆಯ ಬೇಗೆಯೂ ಒಂದಿಷ್ಟು ತಗ್ಗುತ್ತದೆ.

ಮೂರನೆಯ ಹೆಜ್ಜೆ: ವ್ಯಾಟ್ ಬಿಟ್ಟು ಲೂಮೆನ್ ನೋಡಿ

ವ್ಯಾಟ್ ಎಂಬುದು ದೀಪ ಎಳೆಯುವ ವಿದ್ಯುತ್ತಿನ ಅಳತೆಯೇ ಹೊರತು ಅದು ಕೊಡುವ ಬೆಳಕಿನದಲ್ಲ. ಗುಂಡು ಬಲ್ಬಿನ ಕಾಲದಲ್ಲಿ ಎರಡೂ ಜೊತೆಯಾಗಿ ನಡೆಯುತ್ತಿದ್ದುದರಿಂದ, ಅರವತ್ತರ ಬಲ್ಬು ಎಂದರೆ ಎಷ್ಟು ಬೆಳಕು ಎಂಬುದು ಎಲ್ಲರಿಗೂ ಅಂದಾಜಿತ್ತು. ಎಲ್‌ಇಡಿಯಲ್ಲಿ ಆ ಅಂದಾಜು ಕೈಕೊಡುತ್ತದೆ, ಏಕೆಂದರೆ ಒಂದೇ 9 ವ್ಯಾಟಿನ ಎರಡು ಬಲ್ಬುಗಳಲ್ಲಿ ಒಂದು 700 ಲೂಮೆನ್ ಕೊಟ್ಟರೆ ಇನ್ನೊಂದು 950 ಕೊಡಬಹುದು. ಬೆಳಕಿನ ಅಳತೆ ಲೂಮೆನ್. ಡಬ್ಬಿಯ ಮೇಲೆ ಮೊದಲು ಹುಡುಕಬೇಕಾದ ಅಂಕಿ ಅದೇ.

ಅಂದಾಜಿಗೆ ಹೇಳುವುದಾದರೆ, 40 ವ್ಯಾಟಿನ ಗುಂಡು ಬಲ್ಬು ಸುಮಾರು 400 ಲೂಮೆನ್ ಕೊಡುತ್ತಿತ್ತು, 60 ವ್ಯಾಟಿನದು 700ರ ಆಸುಪಾಸು, 100 ವ್ಯಾಟಿನದು 1300ರಿಂದ 1400. ಒಳ್ಳೆಯ ಎಲ್‌ಇಡಿ ಒಂದು ವ್ಯಾಟಿಗೆ ನೂರು ಲೂಮೆನ್ ಕೊಡುತ್ತದೆ ಎಂದಿಟ್ಟುಕೊಂಡರೆ ಇವುಗಳ ಜಾಗಕ್ಕೆ ಕ್ರಮವಾಗಿ 4ರಿಂದ 5, 7ರಿಂದ 9, ಮತ್ತು 13ರಿಂದ 15 ವ್ಯಾಟ್ ಸಾಕು. ಹಳೆಯ ಟ್ಯೂಬ್‌ಲೈಟು ಸುಮಾರು 2400 ಲೂಮೆನ್ ಕೊಡುತ್ತಿತ್ತಾದರೂ ಅದು ಸುತ್ತಲೂ ಬೆಳಕು ಚೆಲ್ಲುತ್ತಿದ್ದುದರಿಂದ ಒಂದು ಪಾಲು ಚಾವಣಿ, ಗೋಡೆಗಳಲ್ಲೇ ಉಳಿದುಬಿಡುತ್ತಿತ್ತು. ಎಲ್‌ಇಡಿ ಪಟ್ಟಿಯ ಬೆಳಕು ಎದುರಿಗೇ ಬೀಳುವುದರಿಂದ 2000 ಲೂಮೆನ್ ಇದ್ದರೂ ಕೊರತೆ ಕಾಣುವುದಿಲ್ಲ.

ಎಷ್ಟು ಬೆಳಕು ಬೇಕೆಂಬುದು ಕೋಣೆಯ ಅಳತೆಗಿಂತ ಹೆಚ್ಚಾಗಿ ಅದರ ಮೈಬಣ್ಣವನ್ನು ಅವಲಂಬಿಸಿದೆ. ಸುಣ್ಣ ಬಳಿದ ಬಿಳಿ ಗೋಡೆ, ಬಿಳಿ ಆರ್‌ಸಿಸಿ ಚಾವಣಿ ಇರುವ ಹತ್ತು ಹನ್ನೆರಡು ಅಡಿಯ ಕೋಣೆಗೆ 2000 ಲೂಮೆನ್ ಇದ್ದರೆ ಓಡಾಟಕ್ಕೂ ಮಾತುಕತೆಗೂ ಧಾರಾಳವಾಯಿತು. ಅದೇ ಅಳತೆಯ ಮಾಳಿಗೆ ಮನೆಯಲ್ಲಿ ಮೇಲೆ ಹೊಗೆಗಪ್ಪಾದ ಜಂತಿಗಳು, ಕೆಳಗೆ ಕಪ್ಪು ಕಡಪಾ ಕಲ್ಲು ಇದ್ದರೆ ಬೆಳಕನ್ನು ತಿರುಗಿ ಕೊಡುವ ಮೇಲ್ಮೈ ಯಾವುದೂ ಇರುವುದಿಲ್ಲ. ಅಲ್ಲಿ ಒಂದೂವರೆ ಪಟ್ಟು ಬೆಳಕು ಹಾಕಬೇಕು, ಅಥವಾ ದೀಪವನ್ನು ಜಂತಿಗೆ ತೂಗುಹಾಕುವ ಬದಲು ಬಿಳಿ ಗೋಡೆಗೆ ಕೂರಿಸಬೇಕು. ಮಕ್ಕಳು ಓದುವ ಜಾಗಕ್ಕೆ, ಅಕ್ಕಿ ಜೋಳ ಹಸನು ಮಾಡುವ ಜಾಗಕ್ಕೆ ಇಡೀ ಕೋಣೆಯ ಬೆಳಕನ್ನು ಹೆಚ್ಚಿಸುವುದಕ್ಕಿಂತ ಹತ್ತಿರದಲ್ಲೇ ಇನ್ನೊಂದು ಸಣ್ಣ ದೀಪ ಹಾಕುವುದು ಜಾಣತನ. ಅರವತ್ತು ದಾಟಿದವರ ಕಣ್ಣಿಗೆ ಎಳೆಯರಿಗಿಂತ ಎಷ್ಟೋ ಹೆಚ್ಚು ಬೆಳಕು ಬೇಕಾಗುತ್ತದೆ. ಬಚ್ಚಲು ಮತ್ತು ಮೆಟ್ಟಿಲುಗಳಲ್ಲಿ ಜಿಪುಣತನ ಮಾಡಬಾರದು.

ನಾಲ್ಕನೆಯ ಹೆಜ್ಜೆ: ಬೆಳಕಿನ ಬಣ್ಣ

ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ. 2700ರಿಂದ 3000 ಕೆಲ್ವಿನ್ ಎಂದರೆ ಗುಂಡು ಬಲ್ಬಿನ ಹಳದಿ ಬೆಳಕು, 4000 ಎಂದರೆ ಹೆಚ್ಚು ಹಳದಿಯೂ ಅಲ್ಲದ ನೀಲಿಯೂ ಅಲ್ಲದ ನಡುವಿನ ಬಿಳಿ, 6500 ಎಂದರೆ ಟ್ಯೂಬ್‌ಲೈಟಿನ ತಣ್ಣನೆಯ ನೀಲಿಬಿಳಿ. ನಮ್ಮ ಕಡೆ ಅಂಗಡಿಯವರು ಕೇಳದೆಯೇ ಕೊಡುವುದು 6500. ಬಿಸಿಲೂರಿನವರಿಗೆ ಆ ಬೆಳಕು ತಂಪೆನಿಸುವುದು ಸಹಜ, ಅಡುಗೆಮನೆಗೂ ಓದುವ ಕೋಣೆಗೂ ಅದು ತಕ್ಕದ್ದೇ. ಆದರೆ ಮಲಗುವ ಕೋಣೆಗೆ ಹಳದಿ ಬೆಳಕನ್ನೇ ಕೇಳಿ ತನ್ನಿ. ನೀಲಿ ಅಂಶ ಹೆಚ್ಚಿರುವ ಬೆಳಕು ರಾತ್ರಿ ಹೊತ್ತು ನಿದ್ದೆಯನ್ನು ಮುಂದೂಡುತ್ತದೆ.

ಸಿಂಧನೂರು, ಮಾನ್ವಿ, ಗಂಗಾವತಿ, ಕಾರಟಗಿ, ಸಿರುಗುಪ್ಪದ ಭತ್ತದ ಸೀಮೆಯಲ್ಲಿ ಬಣ್ಣದ ಆಯ್ಕೆಗೆ ಇನ್ನೊಂದು ಕಾರಣವಿದೆ. ಭತ್ತ ತೆನೆಗಟ್ಟುವ ದಿನಗಳಲ್ಲಿ ಸಂಜೆ ದೀಪ ಹಚ್ಚಿದರೆ ಹುಳುಗಳ ದಂಡೇ ಮನೆಗೆ ನುಗ್ಗಿ, ಊಟದ ತಟ್ಟೆಗೂ ಬೀಳುವುದು ಅಲ್ಲಿನವರಿಗೆ ಹೊಸ ಮಾತಲ್ಲ. ಹುಳುಗಳನ್ನು ಸೆಳೆಯುವುದು ಮುಖ್ಯವಾಗಿ ನೇರಳಾತೀತ ಮತ್ತು ನೀಲಿ ಬೆಳಕು. ಎಲ್‌ಇಡಿಯಲ್ಲಿ ನೇರಳಾತೀತ ಇಲ್ಲವೆನ್ನುವಷ್ಟು ಕಡಿಮೆಯಾದರೂ, ಬಿಳಿ ಎಲ್‌ಇಡಿ ಎಂಬುದು ನೀಲಿ ಡಯೋಡಿನ ಮೇಲೆ ಹಳದಿ ಹೊಳಪಿನ ಲೇಪ ಹಚ್ಚಿ ಮಾಡಿದ್ದು. 6500ರಲ್ಲಿ ಆ ನೀಲಿ ಬಹುಮಟ್ಟಿಗೆ ಹಾಗೆಯೇ ಹೊರಬರುತ್ತದೆ, 2700ರಲ್ಲಿ ಲೇಪ ಅದನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಆದ್ದರಿಂದ ಅಂಗಳ, ಕಟ್ಟೆ, ಬಾಗಿಲ ಬಳಿ ಹಳದಿ ಬಲ್ಬು ಹಾಕಿದರೆ ಕಾಟ ಪೂರ್ತಿ ನಿಲ್ಲದಿದ್ದರೂ ಎದ್ದು ಕಾಣುವಷ್ಟು ತಗ್ಗುತ್ತದೆ. ಬೇಕಿದ್ದರೆ ಮನೆಯಿಂದ ಇಪ್ಪತ್ತು ಮೂವತ್ತು ಅಡಿ ದೂರದಲ್ಲಿ ಒಂದು ಬಿಳಿ ದೀಪವನ್ನು ಹಚ್ಚಿ ಹುಳುಗಳನ್ನು ಅತ್ತ ಸೆಳೆಯಬಹುದು.

ಬಣ್ಣದ ಮಾತಿನಲ್ಲಿ ಇನ್ನೊಂದು ಅಂಕಿ ಸಿಆರ್‌ಐ. ಈ ದೀಪದಡಿ ವಸ್ತುಗಳ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಎಂಬುದನ್ನು ಅದು ನೂರಕ್ಕೆ ಇಷ್ಟು ಎಂದು ಹೇಳುತ್ತದೆ. ಗುಂಡು ಬಲ್ಬಿನದು ನೂರರ ಹತ್ತಿರ. ಮನೆಯ ಎಲ್‌ಇಡಿಗೆ 80 ಇದ್ದರೆ ಸಾಕು, ಅದಕ್ಕಿಂತ ಕೆಳಗಿನದು ಬೇಡ. ಆದರೆ ಮನೆಯಲ್ಲೇ ಕೆಲಸ ಮಾಡುವವರಿಗೆ ಈ ಅಂಕಿ ಸಣ್ಣದಲ್ಲ. ಬಳ್ಳಾರಿಯ ಜೀನ್ಸ್ ಹೊಲಿಗೆಯವರು ಒಂದು ನೀಲಿಗೆ ಇನ್ನೊಂದು ನೀಲಿಯನ್ನು ಹೊಂದಿಸಬೇಕು. ಕಿನ್ನಾಳದ ಗೊಂಬೆಗೆ ಬಣ್ಣ ತುಂಬುವವರು ಕೆಂಪಿನ ಛಾಯೆಯನ್ನು ಕಣ್ಣಂದಾಜಿನಲ್ಲೇ ಹಿಡಿಯಬೇಕು. ಅಗ್ಗದ ಎಲ್‌ಇಡಿಗಳು ಸೋಲುವುದು ಹೆಚ್ಚಾಗಿ ಕೆಂಪಿನಲ್ಲೇ. ಅಂಥ ಕೆಲಸಕ್ಕೆ 90ಕ್ಕಿಂತ ಹೆಚ್ಚು ಸಿಆರ್‌ಐ ಇರುವ, 4000 ಕೆಲ್ವಿನ್‌ನ ದೀಪಕ್ಕೆ ಐವತ್ತು ನೂರು ರೂಪಾಯಿ ಹೆಚ್ಚು ಕೊಟ್ಟರೆ ನಷ್ಟವಿಲ್ಲ.

ಐದನೆಯ ಹೆಜ್ಜೆ: ಶಾಖ ಮತ್ತು ವೋಲ್ಟೇಜು

ಇದು ಈ ಮಾರ್ಗದರ್ಶಿಯ ತಿರುಳು. ಡ್ರೈವರಿನಲ್ಲಿ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಎಂಬ ಸಣ್ಣ ಡಬ್ಬಿಯಾಕಾರದ ಭಾಗವಿರುತ್ತದೆ. ಅದರೊಳಗಿನ ದ್ರವ ಬಿಸಿಗೆ ನಿಧಾನವಾಗಿ ಆರುತ್ತದೆ. ಪ್ರತಿ ಹತ್ತು ಡಿಗ್ರಿ ಶಾಖ ಹೆಚ್ಚಿದಂತೆ ಅದರ ಆಯುಷ್ಯ ಸರಿಸುಮಾರು ಅರ್ಧವಾಗುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್ ಬಲ್ಲವರು ಬಳಸುವ ಅಂದಾಜು. ಕಂಪನಿಗಳು ಬಾಳಿಕೆಯನ್ನು ಲೆಕ್ಕ ಹಾಕುವುದು ಸಾಮಾನ್ಯವಾಗಿ 25 ಡಿಗ್ರಿಯ ಆಸುಪಾಸಿನ ತಂಪಿನಲ್ಲಿ. ಮೇ ತಿಂಗಳ ರಾಯಚೂರಿನಲ್ಲಿ ಹಗಲು 42 ಡಿಗ್ರಿ ಮುಟ್ಟಿದ ಮೇಲೆ, ಕಾದ ಆರ್‌ಸಿಸಿ ಚಾವಣಿ ಸಂಜೆ ಎಂಟು ಗಂಟೆಗೂ ತನ್ನ ಶಾಖವನ್ನು ಕೆಳಕ್ಕೆ ಬಿಡುತ್ತಲೇ ಇರುತ್ತದೆ, ದೀಪ ಹಚ್ಚುವುದೂ ಅದೇ ಹೊತ್ತಿಗೆ. ಹೀಗಿರುವಾಗ 25,000 ಗಂಟೆಯ ಮಾತನ್ನು ಹೇಗೆ ನಂಬುವುದು? ಜೊತೆಗೆ, ಆ ಅಂಕಿಯ ಅರ್ಥ ಬಲ್ಬು ಸಾಯುವವರೆಗಿನ ಕಾಲ ಎಂದಲ್ಲ, ಅದರ ಬೆಳಕು ಮೂಲದ ನೂರಕ್ಕೆ ಎಪ್ಪತ್ತಕ್ಕೆ ಇಳಿಯುವವರೆಗಿನ ಕಾಲ ಎಂದು.

ಇದಕ್ಕೆ ಮಾಡಬಹುದಾದ ಉಪಾಯಗಳು ಅಷ್ಟೇನೂ ಕಷ್ಟದವಲ್ಲ. ಎಲ್ಲಕ್ಕಿಂತ ಮೊದಲು, ಮುಚ್ಚಿದ ಗಾಜಿನ ಗೋಳ, ಆಳವಾದ ಬೋಗುಣಿಯಂಥ ಶೇಡುಗಳೊಳಗೆ 9 ವ್ಯಾಟ್ ಮೀರಿದ ಬಲ್ಬು ಹಾಕಬೇಡಿ. ಗುಂಡು ಬಲ್ಬಿಗೆಂದು ಮಾಡಿದ ಆ ಗೋಳದಲ್ಲಿ ಗಾಳಿ ಆಡುವುದಿಲ್ಲ. ಎರಡನೆಯದಾಗಿ, ಒಂದು 20 ವ್ಯಾಟಿನ ದಪ್ಪ ಬಲ್ಬಿನ ಬದಲು ಎರಡು ಕಡೆ ಎರಡು 9 ವ್ಯಾಟಿನ ಬಲ್ಬು ಹಾಕಿದರೆ ಪ್ರತಿ ಡ್ರೈವರಿನ ಮೇಲಿನ ಶಾಖ ಅರ್ಧವಾಗುತ್ತದೆ, ನೆರಳೂ ಕಡಿಮೆಯಾಗುತ್ತದೆ. ಮೂರನೆಯದು ದೀಪ ಕೂರಿಸುವ ಜಾಗದ್ದು. ಎಲ್‌ಇಡಿ ಪಟ್ಟಿಯನ್ನು ಚಾವಣಿಗೆ ಅಂಟಿಸಿದಂತೆ ಹೊಡೆಯುವ ಬದಲು ಗೋಡೆಯ ಮೇಲೆ ಏಳೆಂಟು ಅಡಿ ಎತ್ತರದಲ್ಲಿ ಕೂರಿಸಿ. ಪತ್ರಾಸಿನ ಶೆಡ್ಡಿನಲ್ಲಂತೂ ತಗಡಿನಿಂದ ಕನಿಷ್ಠ ಒಂದೂವರೆ ಎರಡು ಅಡಿ ಕೆಳಗೆ ತೂಗುಬಿಡಿ.

ಧೂಳನ್ನೂ ಮರೆಯುವಂತಿಲ್ಲ. ಸಂಡೂರು, ತೋರಣಗಲ್ಲು ಕಡೆಯ ಕೆಂಪು ಧೂಳು, ಗಿಣಿಗೇರಿಯ ಸುತ್ತ ಕಾರ್ಖಾನೆಗಳ ಕರಿ, ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್ಲುಗಳ ಬಳಿಯ ಹಿಂಜು, ಇವೆಲ್ಲ ಬಲ್ಬಿನ ಮೈಗೆ ಕೂತು ಬೆಳಕನ್ನೂ ತಡೆಯುತ್ತವೆ, ಶಾಖ ಹೊರಹೋಗದಂತೆಯೂ ಮಾಡುತ್ತವೆ. ಅಂಥ ಊರುಗಳಲ್ಲಿ ತಿಂಗಳಿಗೊಮ್ಮೆ ಸ್ವಿಚ್ ಆರಿಸಿ, ಬಲ್ಬು ತಣ್ಣಗಾದ ಮೇಲೆ ಒಣಬಟ್ಟೆಯಿಂದ ಒರೆಸಿ.

ಇನ್ನು ವೋಲ್ಟೇಜು. ಡಬ್ಬಿಯ ಮೇಲೆ ಎರಡು ಬಗೆಯ ಬರಹ ಕಾಣಿಸುತ್ತದೆ: ಕೆಲವು ಬಲ್ಬುಗಳಲ್ಲಿ 220–240 ವೋಲ್ಟ್ ಎಂದಷ್ಟೇ ಇರುತ್ತದೆ, ಕೆಲವದರಲ್ಲಿ 100–300 ವೋಲ್ಟ್ ಎಂಬಂತೆ ಅಗಲವಾದ ವ್ಯಾಪ್ತಿ ಇರುತ್ತದೆ. ಈ ಒಂದು ಸಾಲು ಒಳಗಿನ ಡ್ರೈವರಿನ ಜಾತಿಯನ್ನು ಬಹುಮಟ್ಟಿಗೆ ಹೇಳಿಬಿಡುತ್ತದೆ. ಅಗ್ಗದ ಬಲ್ಬುಗಳಲ್ಲಿ ಡಯೋಡು ಕೂತ ಅಲ್ಯೂಮಿನಿಯಂ ಬಿಲ್ಲೆಯ ಮೇಲೆಯೇ ಒಂದೆರಡು ಚಿಪ್ ಕೂರಿಸಿ ಡ್ರೈವರಿನ ಕೆಲಸ ಮುಗಿಸಿರುತ್ತಾರೆ. ಅಂಥವು ವೋಲ್ಟೇಜು ಇಳಿದಾಗ ಮಂಕಾಗುತ್ತವೆ, ಏರಿದಾಗ ಹೆಚ್ಚಿನ ವೋಲ್ಟೇಜನ್ನು ಶಾಖವಾಗಿ ಸುಡುತ್ತಾ ತಮ್ಮ ಆಯುಷ್ಯವನ್ನೂ ಸುಟ್ಟುಕೊಳ್ಳುತ್ತವೆ. ಅಗಲ ವ್ಯಾಪ್ತಿಯ ಡ್ರೈವರು ವೋಲ್ಟೇಜು ಏನೇ ಆದರೂ ಡಯೋಡಿಗೆ ಹೋಗುವ ಕರೆಂಟನ್ನು ಒಂದೇ ಸಮನೆ ಇಡುತ್ತದೆ. ಪಂಪ್‌ಸೆಟ್ಟುಗಳು ಒಟ್ಟಿಗೆ ಚಾಲೂ ಆದಾಗ ದೀಪ ಕುಗ್ಗುವ ಹೊಲದ ಮನೆಗಳಿಗೆ, ಟ್ರಾನ್ಸ್‌ಫಾರ್ಮರಿನಿಂದ ದೂರದ ಕೊನೆಯ ಮನೆಗಳಿಗೆ ಇದನ್ನು ಬಿಟ್ಟು ಬೇರೆ ಕೊಳ್ಳಬಾರದು. ಬೆಲೆಯ ವ್ಯತ್ಯಾಸ ಇಪ್ಪತ್ತು ಮೂವತ್ತು ರೂಪಾಯಿ ಇದ್ದೀತು.

ಏಪ್ರಿಲ್, ಮೇ ತಿಂಗಳ ಗುಡುಗು ಗಾಳಿ ಮಳೆಯಲ್ಲಿ ಬರುವ ಹೊಡೆತ ಬೇರೆಯದು. ಸಿಡಿಲಿನಿಂದ ತಂತಿಯಲ್ಲಿ ಕ್ಷಣಮಾತ್ರ ಸಾವಿರಾರು ವೋಲ್ಟ್ ಏರುವುದುಂಟು. ಇದಕ್ಕಾಗಿ ಡಬ್ಬಿಯ ಮೇಲೆ ಸರ್ಜ್ ತಡೆ 2.5 ಕೆವಿ, 4 ಕೆವಿ (ಕೆವಿ ಎಂದರೆ ಸಾವಿರ ವೋಲ್ಟ್) ಎಂದು ಬರೆದಿರುತ್ತದೆ, ಹೆಚ್ಚಿದ್ದಷ್ಟೂ ಒಳ್ಳೆಯದು. ಗಾಳಿಗೆ ಕಂಬದ ಮೇಲಿನ ನ್ಯೂಟ್ರಲ್ ತಂತಿ ಕಡಿದರೆ ಮಾತ್ರ ಒಂದು ಫೇಸಿನ ಮನೆಗಳಿಗೆ 400ರ ಹತ್ತಿರದ ವೋಲ್ಟೇಜು ನುಗ್ಗಬಹುದು, ಆಗ ಎಷ್ಟು ಒಳ್ಳೆಯ ಬಲ್ಬೂ ಉಳಿಯುವ ಖಾತರಿಯಿಲ್ಲ. ದೀಪಗಳು ಇದ್ದಕ್ಕಿದ್ದಂತೆ ಕಣ್ಣು ಕೋರೈಸುವಷ್ಟು ಉರಿದು ಫ್ಯಾನು ಭರ್ರೆಂದು ತಿರುಗಿದರೆ ಮೊದಲು ಮೇನ್ ಸ್ವಿಚ್ ಆರಿಸಿ, ಆಮೇಲೆ ವಿದ್ಯುತ್ ಕಂಪನಿ ಜೆಸ್ಕಾಂಗೆ ತಿಳಿಸಿ.

ಇನ್ವರ್ಟರ್ ಇರುವ ಮನೆಯವರು ಪವರ್ ಫ್ಯಾಕ್ಟರ್ ಎಂಬ ಅಂಕಿಯನ್ನೂ ನೋಡಬೇಕು. ಇನ್ವರ್ಟರ್ ಮೇಲೆ ಬೀಳುವ ಭಾರದಲ್ಲಿ (ಅದರ ಅಳತೆ ವಿಎ, ಅಂದರೆ ವೋಲ್ಟ್-ಆಂಪಿಯರ್) ನಿಜವಾಗಿ ಬಳಕೆಯಾಗುವ ವ್ಯಾಟಿನ ಪಾಲು ಎಷ್ಟು ಎಂಬುದನ್ನು ಅದು ಹೇಳುತ್ತದೆ. ಮನೆಯ ಮೀಟರಿಗೆ ಅದರಿಂದ ವ್ಯತ್ಯಾಸವಿಲ್ಲ, ಆದರೆ ಇನ್ವರ್ಟರಿಗೆ ಇದೆ: ಪವರ್ ಫ್ಯಾಕ್ಟರ್ 0.5 ಇರುವ ಹತ್ತು 9 ವ್ಯಾಟಿನ ಬಲ್ಬುಗಳು ಅದರ ಮೇಲೆ 180 ವಿಎ ಭಾರ ಹಾಕಿದರೆ, 0.9 ಇರುವ ಹತ್ತು ಬಲ್ಬುಗಳು ನೂರು ವಿಎ ಮಾತ್ರ ಹಾಕುತ್ತವೆ. ಬ್ಯಾಟರಿ ಒಳಗೇ ಇರುವ ಇನ್ವರ್ಟರ್ ಬಲ್ಬುಗಳು ಕರೆಂಟು ಹೋಗುವ ಊರುಗಳಲ್ಲಿ ಜನಪ್ರಿಯವಾಗಿವೆ. ಮನೆಗೆ ಒಂದೆರಡು ಇರಲಿ. ಎಲ್ಲ ಕಡೆ ಅದನ್ನೇ ಹಾಕುವುದು ವ್ಯರ್ಥ, ಏಕೆಂದರೆ ಅದರ ಲಿಥಿಯಂ ಬ್ಯಾಟರಿ ನಮ್ಮ ಬೇಸಿಗೆಯಲ್ಲಿ ಡ್ರೈವರಿಗಿಂತಲೂ ಬೇಗ ಸೊರಗುತ್ತದೆ.

ಆರನೆಯ ಹೆಜ್ಜೆ: ಡಬ್ಬಿ ಓದುವುದು, ಅಂಗಡಿಯಲ್ಲಿ ಕೇಳುವುದು

ರಾಯಚೂರಿನ ತೀನ್ ಕಂದೀಲ್ ಸುತ್ತ ಆಗಲಿ, ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಾಗಲಿ, ವಾರದ ಸಂತೆಯ ನೆಲಹಾಸಿನ ಮೇಲಾಗಲಿ ಬಲ್ಬು ಮೂವತ್ತು ರೂಪಾಯಿಗೂ ಸಿಗುತ್ತದೆ, ಮುನ್ನೂರಕ್ಕೂ ಸಿಗುತ್ತದೆ. ಬೇರ್ಪಡಿಸುವ ಗುರುತು ಡಬ್ಬಿಯ ಮೇಲಿದೆ. ಭಾರತದಲ್ಲಿ ಮಾರುವ ಎಲ್‌ಇಡಿ ಬಲ್ಬುಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಐಎಸ್ 16102 ಎಂಬ ಮಾನಕದ ಸಂಖ್ಯೆ, ಅದರ ಜೊತೆಗೆ ಆರ್ ಅಕ್ಷರದಿಂದ ಆರಂಭವಾಗುವ ಎಂಟಂಕಿಯ ನೋಂದಣಿ ಸಂಖ್ಯೆ ಬಲ್ಬಿನ ಮೇಲೋ ಡಬ್ಬಿಯ ಮೇಲೋ ಇರಬೇಕು. ಮೊಬೈಲಿನ ಬಿಐಎಸ್ ಕೇರ್ ಆ್ಯಪಿನಲ್ಲಿ ಆ ಸಂಖ್ಯೆಯನ್ನು ಹಾಕಿದರೆ ಅದು ಯಾವ ತಯಾರಕರದು, ಚಾಲ್ತಿಯಲ್ಲಿದೆಯೇ ಎಂಬುದು ಅಂಗಡಿಯಲ್ಲೇ ಗೊತ್ತಾಗುತ್ತದೆ. ಇಂಧನ ದಕ್ಷತೆಯನ್ನು ನೋಡಿಕೊಳ್ಳುವ ಕೇಂದ್ರದ ಬಿಇಇ ಸಂಸ್ಥೆಯ ನಕ್ಷತ್ರ ಪಟ್ಟಿ ಇನ್ನೊಂದು ಗುರುತು. ಒಂದು ವ್ಯಾಟಿಗೆ ಎಷ್ಟು ಲೂಮೆನ್ ಎಂಬುದರ ಮೇಲೆ ನಕ್ಷತ್ರಗಳು ಸಿಗುತ್ತವೆ. ನಕ್ಷತ್ರ ಹೆಚ್ಚಿದ್ದರೆ ಅದೇ ಬೆಳಕಿಗೆ ಕಡಿಮೆ ವಿದ್ಯುತ್ತು, ಅಂದರೆ ಕಡಿಮೆ ಶಾಖ. ನಮಗೆ ಅದು ಎರಡು ಪಟ್ಟು ಲಾಭ.

ಲೂಮೆನ್ ಅಂಕಿಯೇ ಇಲ್ಲದ ಡಬ್ಬಿಯನ್ನು ಕೈಗೆತ್ತಿಕೊಳ್ಳಬೇಡಿ. ತಯಾರಾದ ತಿಂಗಳು ಮತ್ತು ವರ್ಷ, ವಾರಂಟಿ ಎಷ್ಟು ವರ್ಷ ಎಂಬುದನ್ನು ನೋಡಿ. ಒಂದು ವರ್ಷದ ವಾರಂಟಿಯ ಬಲ್ಬಿಗಿಂತ ಎರಡು ವರ್ಷದ್ದಕ್ಕೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೊಡುವುದು ಒಳ್ಳೆಯ ವ್ಯಾಪಾರ, ಏಕೆಂದರೆ ಎರಡು ಬೇಸಿಗೆಯ ಹೊಣೆಯನ್ನು ಮಾರಿದವರೇ ಹೊರುತ್ತಾರೆ. ಬಿಲ್ಲು ಪಡೆಯಿರಿ, ಅಂಗಡಿಯವರು ಬಲ್ಬಿನ ಕುತ್ತಿಗೆಯ ಮೇಲೆ ತಾರೀಖು ಬರೆದುಕೊಡುವ ರೂಢಿ ನಮ್ಮ ಕಡೆ ಇದೆ, ಅದನ್ನೂ ಬರೆಸಿಕೊಳ್ಳಿ. ಅಂಗಡಿಯಲ್ಲೇ ಹಚ್ಚಿಸಿ, ಮೊಬೈಲಿನ ಕ್ಯಾಮೆರಾವನ್ನು ಹತ್ತಿರ ಹಿಡಿದು ನೋಡಿ. ಪರದೆಯ ಮೇಲೆ ದಪ್ಪ ಕಪ್ಪು ಪಟ್ಟೆಗಳು ಹರಿದಾಡಿದರೆ ಆ ಬಲ್ಬಿನ ಬೆಳಕು ಸೆಕೆಂಡಿಗೆ ನೂರು ಸಲ ಮಿನುಗುತ್ತಿದೆ ಎಂದರ್ಥ. ಕಣ್ಣಿಗೆ ನೇರವಾಗಿ ಕಾಣದಿದ್ದರೂ ಕೆಲವರಿಗೆ ತಲೆನೋವು ತರುತ್ತದೆ. ತಿರುಗುವ ಯಂತ್ರಗಳು ನಿಂತಂತೆ ಕಾಣುವ ಭ್ರಮೆಯನ್ನೂ ಹುಟ್ಟಿಸುವುದರಿಂದ ಹಿಟ್ಟಿನ ಗಿರಣಿ, ಹೊಲಿಗೆ ಯಂತ್ರ ಇರುವ ಕಡೆ ಅಂಥದ್ದು ಬೇಡವೇ ಬೇಡ.

ಒಂದೇ ಸಲ ಹನ್ನೆರಡು ಬಲ್ಬು ತರುವ ಬದಲು ಎರಡು ತಂದು, ಮನೆಯ ಅತಿ ಬಿಸಿ ಕೋಣೆಯಲ್ಲಿ ಹದಿನೈದು ದಿನ ಉರಿಸಿ ನೋಡಿ ಉಳಿದವನ್ನು ತರುವುದು ಸುರಕ್ಷಿತ.

ಏಳನೆಯ ಹೆಜ್ಜೆ: ಅಳವಡಿಕೆ

ಬಲ್ಬು ಬದಲಿಸುವುದು ಎಲ್ಲರಿಗೂ ಗೊತ್ತಿರುವ ಕೆಲಸ. ಸ್ವಿಚ್ ಆರಿಸಿ, ಹಳೆಯದು ತಣ್ಣಗಾಗಲು ಬಿಡಿ. ಹೋಲ್ಡರಿನ ಪಿನ್ನುಗಳು ಕರಿಗಟ್ಟಿದ್ದರೆ ಅಥವಾ ಸಡಿಲವಾಗಿದ್ದರೆ ಹೋಲ್ಡರನ್ನೂ ಬದಲಿಸಿ. ಸಡಿಲ ಸಂಪರ್ಕದ ಕಿಡಿ ಡ್ರೈವರನ್ನು ಕೊಲ್ಲುತ್ತದೆ.

ಟ್ಯೂಬ್‌ಲೈಟಿನಲ್ಲಿ ಮಾತ್ರ ಎಚ್ಚರ ಬೇಕು. ಹಳೆಯ ಪಟ್ಟಿಗೇ ಹೊಂದಿಸುವ ಎಲ್‌ಇಡಿ ಟ್ಯೂಬುಗಳು ಸಿಗುತ್ತವೆ, ಆದರೆ ಅವುಗಳಲ್ಲಿ ಕೆಲವಕ್ಕೆ ಚೋಕು ಇರಬೇಕು, ಕೆಲವಕ್ಕೆ ಚೋಕು ಮತ್ತು ಸ್ಟಾರ್ಟರ್ ಎರಡನ್ನೂ ತೆಗೆದು ತಂತಿಯನ್ನು ನೇರ ಜೋಡಿಸಬೇಕು, ಕೆಲವಕ್ಕೆ ಒಂದೇ ತುದಿಯಿಂದ, ಕೆಲವಕ್ಕೆ ಎರಡೂ ತುದಿಯಿಂದ ಕರೆಂಟು ಕೊಡಬೇಕು. ಇಂದು ಜೋಡಿಸಿದವರು ಒಬ್ಬರು, ನಾಲ್ಕು ವರ್ಷದ ನಂತರ ಬದಲಿಸುವವರು ಇನ್ನೊಬ್ಬರಾದಾಗ ಶಾಕ್ ಹೊಡೆಯುವ ಸಂಭವ ಇರುವುದು ಇಲ್ಲಿಯೇ. ನನ್ನ ಸಲಹೆ ಸರಳ: ಹಳೆಯ ಪಟ್ಟಿ, ಚೋಕು, ಸ್ಟಾರ್ಟರ್ ಎಲ್ಲವನ್ನೂ ಕಳಚಿ, ಡ್ರೈವರ್ ಸಮೇತ ಬರುವ ಹೊಸ ಎಲ್‌ಇಡಿ ಪಟ್ಟಿಯನ್ನೇ ಹಾಕಿಸಿ. ಮೇನ್ ಆರಿಸಿದ ಮೇಲೆ ಬಲ್ಲ ಎಲೆಕ್ಟ್ರಿಷಿಯನ್ನರಿಗೆ ಅದು ಹತ್ತು ನಿಮಿಷದ ಕೆಲಸ.

ಹಳೆಯ ಡಿಮ್ಮರ್ (ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸ್ವಿಚ್) ಇರುವ ಕಡೆ ಡಿಮ್ಮಬಲ್ ಎಂದು ಬರೆದಿರುವ ಬಲ್ಬನ್ನಷ್ಟೇ ಹಾಕಬೇಕು. ಕೊಟ್ಟಿಗೆ, ಗೇಟು, ಮಳೆ ಸಿಡಿಯುವ ಅಂಗಳಕ್ಕೆ ನೀರು, ಧೂಳು ಒಳಹೋಗದ ಐಪಿ65 ಗುರುತಿನ ದೀಪ ಬೇಕು.

ಎಲ್‌ಇಡಿ ಹಾಕಿದ ಮೇಲೆ ಸ್ವಿಚ್ ಆರಿಸಿದರೂ ಬಲ್ಬು ಮಂದವಾಗಿ ಮಿಣುಕುತ್ತದೆ ಎಂಬ ದೂರು ಸಾಮಾನ್ಯ. ಇದಕ್ಕೆ ಕಾರಣ ಹೆಚ್ಚಾಗಿ ಎರಡು: ಸ್ವಿಚ್ಚಿನಲ್ಲಿ ಕೆಂಪು ಇಂಡಿಕೇಟರ್ ದೀಪವಿದ್ದು ಅದರ ಮೂಲಕ ಸಣ್ಣ ಕರೆಂಟು ಹರಿಯುತ್ತಿರುತ್ತದೆ, ಅಥವಾ ವೈರಿಂಗ್ ಮಾಡಿದವರು ಫೇಸಿನ ಬದಲು ನ್ಯೂಟ್ರಲ್ ತಂತಿಯನ್ನು ಸ್ವಿಚ್ಚಿಗೆ ಕೊಟ್ಟಿರುತ್ತಾರೆ. ಮೊದಲನೆಯದರಿಂದ ಅಪಾಯವಿಲ್ಲ. ಎರಡನೆಯದಾಗಿದ್ದರೆ ಸ್ವಿಚ್ ಆರಿಸಿದಾಗಲೂ ಹೋಲ್ಡರಿನಲ್ಲಿ ಫೇಸ್ ಇರುತ್ತದೆ, ಅಂದರೆ ಮುಟ್ಟಿದರೆ ಶಾಕ್ ಹೊಡೆಯಬಹುದು. ಗುಂಡು ಬಲ್ಬಿನ ಕಾಲದಲ್ಲಿ ವರ್ಷಗಟ್ಟಲೆ ಅಡಗಿದ್ದ ಆ ತಪ್ಪನ್ನು ಎಲ್‌ಇಡಿ ಹೊರಗೆಡವಿದೆ ಎಂದು ತಿಳಿದು ಕೂಡಲೇ ಸರಿಪಡಿಸಿಕೊಳ್ಳಬೇಕು.

ಎಂಟನೆಯ ಹೆಜ್ಜೆ: ತೆಗೆದ ದೀಪಗಳ ವಿಲೇವಾರಿ

ಗುಂಡು ಬಲ್ಬನ್ನು ಕಾಗದದಲ್ಲಿ ಸುತ್ತಿ ಒಣಕಸಕ್ಕೆ ಹಾಕಬಹುದು. ಟ್ಯೂಬ್‌ಲೈಟು ಮತ್ತು ಸಿಎಫ್‌ಎಲ್ ಹಾಗಲ್ಲ. ಅವುಗಳೊಳಗೆ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ. 2022ರ ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಅವೂ ಬರುತ್ತವೆ. ಒಡೆಯದಂತೆ ಹಳೆಯ ಡಬ್ಬಿಯಲ್ಲಿಟ್ಟು, ನಗರಸಭೆಯ ಕಸದ ಗಾಡಿಯವರಿಗೆ ಬೇರೆಯಾಗಿ ಕೊಡಿ ಅಥವಾ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ. ಮಕ್ಕಳು ಟ್ಯೂಬ್‌ಲೈಟು ಒಡೆದು ಆಡುವುದನ್ನು ಕಂಡರೆ ತಡೆಯಿರಿ.

ಮನೆಯೊಳಗೆ ಒಡೆದರೆ ಫ್ಯಾನು ಆರಿಸಿ, ಕಿಟಕಿ ಬಾಗಿಲು ತೆರೆದು ಹತ್ತು ಹದಿನೈದು ನಿಮಿಷ ಎಲ್ಲರೂ ಹೊರಗಿರಿ. ಕಸಬರಿಗೆಯಿಂದ ಗುಡಿಸಬೇಡಿ, ಅದು ಪುಡಿಯನ್ನು ಗಾಳಿಗೆ ಎಬ್ಬಿಸುತ್ತದೆ. ದಪ್ಪ ರಟ್ಟಿನ ಎರಡು ತುಂಡುಗಳಿಂದ ಚೂರುಗಳನ್ನು ಬಾಚಿ, ಉಳಿದ ಪುಡಿಯನ್ನು ಅಂಟುಟೇಪಿನಿಂದ ಎತ್ತಿ, ಮುಚ್ಚಳವಿರುವ ಗಾಜಿನ ಬಾಟಲಿಗೆ ಹಾಕಿ. ನೆಲವನ್ನು ಒದ್ದೆ ಕಾಗದದಿಂದ ಒರೆಸಿ ಆ ಕಾಗದವನ್ನೂ ಅದೇ ಬಾಟಲಿಗೆ ತುಂಬಿ, ಮುಚ್ಚಳ ಬಿಗಿಮಾಡಿ, ಉಳಿದ ಟ್ಯೂಬುಗಳ ಜೊತೆಗೇ ಕಳುಹಿಸಿ. ತಾಮ್ರದ ಚೋಕಿಗೆ ಮಾತ್ರ ಗುಜರಿಯವರು ತೂಕಕ್ಕೆ ಒಳ್ಳೆಯ ಬೆಲೆ ಕೊಡುತ್ತಾರೆ. ಹೊಸ ಪಟ್ಟಿಯ ಖರ್ಚಿನಲ್ಲಿ ಅಷ್ಟು ಕಡಿಮೆಯಾಗುತ್ತದೆ.